ಗಾರೆ ಕೆಲಸದವರೂ ನಮ್ಮ ಸಾಹಿತ್ಯವೂ

ಸಲಿಂಗ ಪ್ರೇಮಿಗಳ ಹಾಗೂ ಲಿಂಗತ್ವ ಅಲ್ಪಸಂಖ್ಯಾತರ ಬಾಳು ಕನ್ನಡ ಬರವಣಿಗೆಯಲ್ಲಿ ಸಂಕೋಚವಿಲ್ಲದೆ ಕಾಣಿಸಿಕೊಂಡದ್ದು ಈಚಿನ ಮಾತು. ಶ್ರೀ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಹೊರಬಂದದ್ದು 2013ರಲ್ಲಿ. ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂದು ನಮಗೆ ದೊರೆತು, ರಂಗದ ಮೇಲೂ ಬಂದಿತು. ಎರಡೂ ಧೈರ್ಯದ ಕೃತಿಗಳು. ಕನಿಕರವನ್ನು ಬೇಡದೆ ವಾಚಕನ ನ್ಯಾಯಬುದ್ಧಿಯನ್ನು ಕೆಣಕುವಂಥವು.

ಆದರೆ ಮೋಹನಸ್ವಾಮಿ ಓದಿದವನು, ಬೆಂಗಳೂರಿನಲ್ಲಿ ನೌಕರಿಯಲ್ಲಿರುವವನು. ಅವನ ನೋವು ಸಣ್ಣದೆಂದು ಹೇಳಲಾರೆ. ಕದ ಹಾಕಿಕೊಂಡು ಅಳುವುದಕ್ಕೆ ಅವನಿಗೊಂದು ಕೋಣೆಯಾದರೂ ಉಂಟು. ರೇವತಿಯವರು ಮನೆ ಬಿಟ್ಟು ಹಿಜಡಾ ಸಮುದಾಯದ ಆಸರೆ ಪಡೆದರು. ಈ ಎರಡೂ ಇಲ್ಲದೆ, ಊರಿನಲ್ಲೇ ಉಳಿದು, ಬಾಂಡ್ಲಿ ಹೊತ್ತು ಹೊಟ್ಟೆ ಹೊರೆಯುವವರ ಮಾತು ನಮ್ಮ ಪುಸ್ತಕಗಳಲ್ಲಿ ಕೇಳಿಬರುವುದು ಅಪರೂಪ.

ತುಮಕೂರಿನಲ್ಲಿ ಹೊಸ ಮನೆಗಳು ಏಳುತ್ತಿರುವ ಯಾವ ಬಡಾವಣೆಯಲ್ಲಾದರೂ ನಿಂತು ಕೇಳಿ. ಅಲ್ಲಿನ ನುಡಿಯಲ್ಲಿ ಆಳುಗಳು ಎರಡೇ ಬಗೆ: ಗಂಡಾಳು, ಹೆಣ್ಣಾಳು. ಕೂಲಿಯೂ ಎರಡು ಬಗೆ, ಹೆಣ್ಣಾಳಿಗೆ ಕಡಿಮೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು ಬಟವಾಡೆಯ ದಿನ ಯಾವ ಸಾಲಿನಲ್ಲಿ ನಿಲ್ಲಬೇಕು? ಸೀರೆಯುಟ್ಟರೆ ಕೂಲಿ ಇಳಿದೀತು, ಕೆಲಸವೇ ತಪ್ಪೀತು; ಉಡದಿದ್ದರೆ ತಾನು ತಾನಲ್ಲ. ಮೇಸ್ತ್ರಿ ಆಳುಗಳನ್ನು ಕರೆತರುವುದು ನೆಂಟರಿಷ್ಟರಿಂದ, ಊರಿನವರಿಂದ. ಹೀಗಾಗಿ ಕೆಲಸದ ಜಾಗದಲ್ಲಿ ಎದ್ದ ಮಾತು ಸಂಜೆಯೊಳಗೆ ಮನೆ ಮುಟ್ಟುತ್ತದೆ. ಗಂಡಸನ್ನು ಪ್ರೀತಿಸುವ ಗಾರೆಯವನಿಗೆ ಶೆಡ್ಡಿನಲ್ಲಿ ಸಾಲಾಗಿ ಮಲಗುವ ಹೊತ್ತೂ ಮೈಯೆಲ್ಲ ಎಚ್ಚರ.

2014ರಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಮಾನ್ಯ ಮಾಡಿತು. 2018ರಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತು. 2021ರಲ್ಲಿ ಕರ್ನಾಟಕವು ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರಷ್ಟು ಮೀಸಲಿಟ್ಟಿತು. ದಿನಗೂಲಿಗೆ ನೇಮಕದ ಪತ್ರವೇ ಇಲ್ಲ. ಮೀಸಲಾತಿ ಅಲ್ಲಿಗೆ ಇಳಿಯುವುದು ಹೇಗೆ?

ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯಲ್ಲಿ ಗಂಡಸರು ಸ್ತ್ರೀಪಾತ್ರ ಮಾಡಿ ಮೆಚ್ಚುಗೆ ಗಳಿಸಿದ್ದುಂಟು. ರಂಗದ ಮೇಲಿನ ಆ ಸೀರೆಗೆ ಚಪ್ಪಾಳೆ ತಟ್ಟಿದ ಸೀಮೆ, ಸಾರುವೆಯ ಮೇಲಿನ ಸೀರೆಗೆ ನಗುವುದೇಕೆ? ಕುಣಿಗಲ್ ಕೆರೆಯ ಚೆಲುವು ಜನಪದರ ಬಾಯಲ್ಲಿ ಹಾಡಾಯಿತು. ನಮ್ಮ ಮನೆಗಳನ್ನು ಕಟ್ಟುವ ಕೈಗಳ ಕಥೆಯೂ ಒಂದು ದಿನ ಪುಸ್ತಕವಾಗಬೇಕು. ಅದನ್ನು ಬರೆಯತಕ್ಕವರು ಅವರೇ. ಬರೆದ ಮರುದಿನವೂ ಅವರ ಕೆಲಸ ಉಳಿಯುವಂತೆ ನೋಡಿಕೊಳ್ಳುವುದು ಮಾತ್ರ, ಮನೆ ಕಟ್ಟಿಸುವ ನಮ್ಮ ಪಾಲಿನ ಹೊಣೆ.