ಇದ್ದುದೆಲ್ಲ ಪಣಕ್ಕೆ: ಪಟ್ಟಿ ಹೇಳುವುದು, ಹೇಳದಿರುವುದು

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಕೆಲವು ವರ್ಷಗಳ ಹಿಂದೆ ಮನೆಗೆ ಬಂದಾಗ ಅವನು ಒಂದು ಪುಸ್ತಕವನ್ನೂ ಒಂದು ಪ್ರಶ್ನೆಯನ್ನೂ ತಂದಿದ್ದ. ಪುಸ್ತಕ, ಬಿಲ್ ಚೆನ್ ಮತ್ತು ಜೆರೋಡ್ ಆಂಕೆನ್‌ಮನ್ ಬರೆದು 2006ರಲ್ಲಿ ಪ್ರಕಟವಾದ ‘ದಿ ಮ್ಯಾಥಮ್ಯಾಟಿಕ್ಸ್ ಆಫ್ ಪೋಕರ್’. ಪ್ರಶ್ನೆ ಇದು: “ಸರ್, ಪುಸ್ತಕದ ಪಟ್ಟಿಯಲ್ಲಿ ಇರುವ ಹಾಗೇ ಆಡ್ತಿದ್ದೀನಿ. ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ದುಡ್ಡು ಕರಗ್ತಾ ಇದೆ, ಯಾಕೆ?”

ಇಸ್ಪೀಟಿನ ಎಲೆ ಹಿಡಿದ ಅಭ್ಯಾಸ ನನಗಿಲ್ಲ. ಆದರೆ ಲೆಕ್ಕ ಸರಿಯಿದ್ದೂ ಫಲಿತಾಂಶ ತಪ್ಪಾಗುತ್ತಿದ್ದರೆ, ಲೆಕ್ಕ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಎಂದು ನೋಡುವುದು ಭೌತವಿಜ್ಞಾನದ ಪಾಠ. ಆ ದೃಷ್ಟಿಯಿಂದ ಪುಸ್ತಕವನ್ನು ಓದಿದೆ. ಅದರ ಗುಣದೋಷಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಆಟವನ್ನು ತಿಳಿಯೋಣ. ಇಬ್ಬರೇ ಆಟಗಾರರು. ಪ್ರತಿಯೊಬ್ಬರಿಗೂ ಎರಡು ಗುಪ್ತ ಎಲೆಗಳು. ಬಳಿಕ ಇಬ್ಬರಿಗೂ ಸೇರಿದ ಐದು ಎಲೆಗಳನ್ನು ಮೇಜಿನ ಮೇಲೆ ತೆರೆಯುತ್ತಾರೆ. ಎಲೆ ಹಂಚುವ ಮೊದಲೇ ಒಬ್ಬ ಅರ್ಧ ಬಿಲ್ಲೆಯನ್ನೂ ಇನ್ನೊಬ್ಬ ಒಂದು ಬಿಲ್ಲೆಯನ್ನೂ ಕಡ್ಡಾಯವಾಗಿ ಕಟ್ಟಬೇಕು. ಪಣಕ್ಕೆ ಮಿತಿಯಿಲ್ಲದ ಆಟವಾದ್ದರಿಂದ ಯಾವ ಕ್ಷಣದಲ್ಲಾದರೂ ತನ್ನೆದುರಿನ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಬಹುದು. ಇದೇ ‘ಆಲ್-ಇನ್’.

ಎಲ್ಲ ಸಾಧ್ಯತೆಗಳನ್ನೂ ಲೆಕ್ಕ ಹಾಕುವುದು ದುಸ್ತರ. ಆದ್ದರಿಂದ ಲೇಖಕರು ಒಂದು ಸರಳ ಮಾದರಿಯನ್ನು ಆರಿಸಿಕೊಳ್ಳುತ್ತಾರೆ. ಅರ್ಧ ಬಿಲ್ಲೆ ಕಟ್ಟಿದವನು ಎಲ್ಲವನ್ನೂ ತಳ್ಳಬೇಕು, ಇಲ್ಲವೇ ಎಲೆ ಬಿಡಬೇಕು. ಎದುರಾಳಿ ಒಪ್ಪಬೇಕು, ಇಲ್ಲವೇ ಬಿಡಬೇಕು. ಈ ಮಾದರಿಗೆ ಜಾನ್ ವಾನ್ ನಾಯ್ಮನ್ 1928ರಲ್ಲಿ ತಳಹದಿ ಹಾಕಿದ ಆಟಗಳ ಸಿದ್ಧಾಂತದ ಪ್ರಕಾರ ಸಮತೋಲನದ ಪರಿಹಾರವೊಂದಿದೆ. ಎದುರಾಳಿ ಏನೇ ಮಾಡಿದರೂ, ಸ್ಥಾನ ಬದಲಿಸುತ್ತ ಆಡಿದಾಗ, ಸರಾಸರಿಯಲ್ಲಿ ಸೋಲದಿರುವ ತಂತ್ರ ಅದು. ನನ್ನ ವಿದ್ಯಾರ್ಥಿ ಬಾಯಿಪಾಠ ಮಾಡಿದ್ದು ಆ ತಂತ್ರದ ಪಟ್ಟಿಯನ್ನೇ.

ಪಟ್ಟಿ ಏಕೆ ಅಷ್ಟು ಧೈರ್ಯ ತುಂಬುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಇಬ್ಬರಲ್ಲೂ ಹತ್ತು ಬಿಲ್ಲೆಗಳಿವೆ ಎನ್ನೋಣ. ಸಮತೋಲನದಲ್ಲಿ ಎದುರಾಳಿ ಸುಮಾರು 37% ಎಲೆಗಳೊಡನೆ ಒಪ್ಪುತ್ತಾನೆ, 63% ಸಲ ಬಿಡುತ್ತಾನೆ. ಬಿಟ್ಟರೆ ನಿಮಗೆ ಒಂದು ಬಿಲ್ಲೆ ಲಾಭ. ಒಪ್ಪಿದರೆ ನೀವು ಗೆಲ್ಲುವ ಸಂಭವನೀಯತೆ q ಆಗಿರಲಿ. ಆಗ ಲಾಭ 10 × (2q − 1). ತಳ್ಳದೆ ಎಲೆ ಬಿಟ್ಟರೆ ಅರ್ಧ ಬಿಲ್ಲೆ ಖಚಿತ ನಷ್ಟ. ಹಾಗಾದರೆ 0.63 + 3.7 × (2q − 1) ಎಂಬ ಮೊತ್ತ −0.5ಕ್ಕಿಂತ ಹೆಚ್ಚಿದ್ದರೆ ಸಾಕು. ಬಿಡಿಸಿದರೆ q ಸುಮಾರು 35% ಬರುತ್ತದೆ. ಎದುರಾಳಿಗೆ ಈ ರಿಯಾಯಿತಿ ಇಲ್ಲ. ಅವನು ಇನ್ನೂ 9 ಬಿಲ್ಲೆ ಹಾಕಿ 20 ಬಿಲ್ಲೆಗಳ ರಾಶಿಗೆ ಸೆಣಸಬೇಕು. ಅವನಿಗೆ 45% ಬೇಕು.

ಈ ಹತ್ತು ಅಂಶಗಳ ಅಂತರವೇ ದಾಳಿ ಮಾಡುವವನ ಬಲ. ಎದುರಾಳಿ ಹೆದರಿ ಬಿಡುವ ಸಾಧ್ಯತೆಯೂ ಅವನ ಪಾಲಿಗೆ ಸೇರುತ್ತದೆ. ಆದ್ದರಿಂದ ಹತ್ತು ಬಿಲ್ಲೆಗಳಿದ್ದಾಗ ಅರ್ಧಕ್ಕಿಂತ ಹೆಚ್ಚು ಎಲೆಗಳೊಡನೆ ಸರ್ವಸ್ವವನ್ನೂ ತಳ್ಳುವುದು ಸರಿ ಎಂಬ, ಮೊದಲ ನೋಟಕ್ಕೆ ಹುಚ್ಚುತನವೆನಿಸುವ, ತೀರ್ಮಾನ ಬರುತ್ತದೆ. ಬಿಲ್ಲೆಗಳು 25 ಆದರೆ, ಎದುರಾಳಿ ಅಷ್ಟೇ ಸಲ ಬಿಡುತ್ತಾನೆಂದುಕೊಂಡರೂ, 35% ಎಂಬುದು 44%ಕ್ಕೆ ಏರುತ್ತದೆ. ಅರ್ಧ ಬಿಲ್ಲೆ ಉಳಿಸಲು 25 ಬಿಲ್ಲೆಗಳನ್ನು ಒಡ್ಡುವುದು ದುಬಾರಿಯಾಗುತ್ತ ಹೋಗುತ್ತದೆ. ಯಾವಾಗ ಎಲ್ಲವನ್ನೂ ತಳ್ಳಬೇಕೆಂಬುದು ಕೈಯಲ್ಲಿರುವ ಎಲೆಯನ್ನಷ್ಟೇ ಅಲ್ಲ, ರಾಶಿಯ ಗಾತ್ರವನ್ನೂ ಅವಲಂಬಿಸಿದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟಿರುವುದು ಪುಸ್ತಕದ ದೊಡ್ಡ ಗುಣ. ಮಾದರಿ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಲೇಖಕರು ಮುಚ್ಚಿಟ್ಟಿಲ್ಲ.

ಇನ್ನು ಆಕ್ಷೇಪಗಳು. ಮೊದಲನೆಯದು, ಪಟ್ಟಿಯ ಭರವಸೆ ‘ಸೋಲುವುದಿಲ್ಲ’ ಎಂದಷ್ಟೇ; ‘ಗೆಲ್ಲುತ್ತೀರಿ’ ಎಂದಲ್ಲ. ಎದುರಾಳಿಯೂ ಅದೇ ಪಟ್ಟಿ ಓದಿದ್ದರೆ ಇಬ್ಬರ ಸರಾಸರಿ ಲಾಭವೂ ಸೊನ್ನೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಪಟ್ಟಿ ಓದಬಲ್ಲವರು ಒಬ್ಬಿಬ್ಬರಲ್ಲ. ಅದೂ ಅಲ್ಲದೆ ಮಾದರಿಯಲ್ಲಿ ಒಬ್ಬರ ನಷ್ಟವೇ ಇನ್ನೊಬ್ಬರ ಲಾಭ. ಮೇಜು ಹಾಕಿಕೊಟ್ಟವನ ಶುಲ್ಕಕ್ಕೆ ಅಲ್ಲಿ ಜಾಗವಿಲ್ಲ. ಉದಾಹರಣೆಗೆ ಇಬ್ಬರೂ ತಲಾ 1,050 ರೂಪಾಯಿ ಕಟ್ಟುತ್ತಾರೆ, ಗೆದ್ದವನಿಗೆ 2,000 ರೂಪಾಯಿ ಸಿಗುತ್ತದೆ ಎನ್ನೋಣ. ಅಸಲು ಉಳಿಯಬೇಕಾದರೂ ನೂರಕ್ಕೆ 52.5 ಪಂದ್ಯ ಗೆಲ್ಲಬೇಕು. ಸಮತೋಲನದ ತಂತ್ರವನ್ನು ನಿಷ್ಠೆಯಿಂದ ಪಾಲಿಸಿದ ಇಬ್ಬರು ಸಮಬಲರು ಪಂದ್ಯಕ್ಕೆ ಸರಾಸರಿ 50 ರೂಪಾಯಿಯಂತೆ ನಿಷ್ಠೆಯಿಂದಲೇ ಕಳೆದುಕೊಳ್ಳುತ್ತಾರೆ.

ಎರಡನೆಯದು ಅಳತೆಯ ಪ್ರಶ್ನೆ. “ನಾನು ಸಮಬಲನಲ್ಲ, ಮೇಲುಗೈ ನನ್ನದು” ಎನ್ನುವ ಆಟಗಾರನಿಗೆ ಅದು ಗೊತ್ತಾದದ್ದು ಹೇಗೆ? ಪ್ರಯೋಗಶಾಲೆಯಲ್ಲಿ ನಾವು ಮಾಡುವ ದೋಷಗಣನೆಯನ್ನೇ ಇಲ್ಲಿ ಮಾಡೋಣ. N ಪಂದ್ಯಗಳಾಡಿದ ಮೇಲೆ ಗೆಲುವಿನ ಪ್ರಮಾಣದಲ್ಲಿ ಉಳಿಯುವ ಪ್ರಮಾಣಿತ ವಿಚಲನೆ ಸುಮಾರು 0.5ನ್ನು N ನ ವರ್ಗಮೂಲದಿಂದ ಭಾಗಿಸಿದಷ್ಟು. ನಿಮ್ಮ ನಿಜವಾದ ಪ್ರಮಾಣ 55% ಆಗಿದ್ದರೆ, 52.5%ಗಿಂತ ಅದು ಹೆಚ್ಚೆಂದು ಎರಡು ವಿಚಲನೆಗಳ ಭರವಸೆಯಿಂದ ಹೇಳಲು 1,600 ಪಂದ್ಯ ಬೇಕು. ಪ್ರಮಾಣ 53% ಆಗಿದ್ದರೆ 40,000 ಪಂದ್ಯ. ದಿನಕ್ಕೆ ಐದರಂತೆ, ಭಾನುವಾರವೂ ಬಿಡದೆ ಆಡಿದರೆ, ಸುಮಾರು 22 ವರ್ಷ! ಅಷ್ಟರಲ್ಲಿ ಎದುರಾಳಿಗಳೂ ಬದಲಾಗಿರುತ್ತಾರೆ, ನೀವೂ ಬದಲಾಗಿರುತ್ತೀರಿ.

ಸಂಶೋಧಕರಿಗೆ ಈ ತೊಡಕು ಚೆನ್ನಾಗಿ ಗೊತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನೋಮ್ ಬ್ರೌನ್ ಮತ್ತು ಟೂಮಸ್ ಸ್ಯಾಂಡ್‌ಹೋಮ್ ಅವರ ‘ಲಿಬ್ರೇಟಸ್’ ಎಂಬ ಕಂಪ್ಯೂಟರ್ ಕಾರ್ಯಕ್ರಮ 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಾಲ್ವರು ವೃತ್ತಿಪರರನ್ನು ಇದೇ ಇಬ್ಬರ ಆಟದಲ್ಲಿ ಸೋಲಿಸಿತು. ಅಲ್ಲಿ ಆಡಿದ್ದು 1,20,000 ಹಂಚಿಕೆಗಳು. ಅಷ್ಟಾದರೂ ಸಾಲದೆಂದು, ಒಬ್ಬ ಆಟಗಾರನಿಗೆ ಬಂದ ಎಲೆಗಳನ್ನೇ ಇನ್ನೊಂದು ಮೇಜಿನಲ್ಲಿ ಯಂತ್ರಕ್ಕೆ ಕೊಟ್ಟು ಅದೃಷ್ಟದ ಪಾಲನ್ನು ತಗ್ಗಿಸಿದರು. ಕೌಶಲವನ್ನು ಅಳೆಯಲು ಇಷ್ಟು ಸಿದ್ಧತೆ ಬೇಕಾದರೆ, ಕಂಪನಿ ಬಸ್ಸಿನಲ್ಲಿ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಆಡಿದ ನಾಲ್ಕು ಪಂದ್ಯಗಳಿಂದ ನಮಗೆ ಏನು ತಿಳಿದೀತು?

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಮುಖ್ಯ. ಪಟ್ಟಿಯ ‘ಸರ್ವಸ್ವ’ ಎಂದರೆ ಮೇಜಿನ ಮೇಲಿರುವ ಬಿಲ್ಲೆಗಳು ಮಾತ್ರ. ಅವು ಮುಗಿದರೆ ಪಂದ್ಯ ಮುಗಿಯಿತು, ಜೀವನವಲ್ಲ. ಆದ್ದರಿಂದಲೇ ಅಲ್ಲಿ ಸರಾಸರಿಯೊಂದನ್ನೇ ನೋಡಿದರೆ ಸಾಕು. ಬ್ಯಾಂಕಿನ ಖಾತೆಗೆ ಈ ನಿಯಮ ಹೊಂದುವುದಿಲ್ಲ. 55% ಗೆಲ್ಲುವ ಸಮರ್ಥನೇ ಪ್ರತಿ ಸಲವೂ ತನ್ನಲ್ಲಿರುವುದನ್ನೆಲ್ಲ ಒಡ್ಡಿದರೆ, ಹತ್ತು ಪಂದ್ಯಗಳ ಬಳಿಕ ಅವನಲ್ಲಿ ಏನಾದರೂ ಉಳಿದಿರುವ ಸಂಭವ ಸುಮಾರು ನಾನೂರರಲ್ಲಿ ಒಂದು. ಸರಾಸರಿ ಮಾತ್ರ ಏರುತ್ತಲೇ ಇರುತ್ತದೆ; ಆ ಒಬ್ಬ ಅದೃಷ್ಟವಂತನ ಗಳಿಕೆ ಅದನ್ನು ಎತ್ತಿ ಹಿಡಿದಿರುತ್ತದೆ.

ಹಾಗಾದರೆ ಎಷ್ಟು ಒಡ್ಡಬಹುದು? ಬೆಲ್ ಪ್ರಯೋಗಾಲಯದ ಜಾನ್ ಕೆಲಿ 1956ರಲ್ಲಿ ಕೊಟ್ಟ ಸೂತ್ರವನ್ನು ಮೇಲಿನ ಉದಾಹರಣೆಗೆ ಅನ್ವಯಿಸಿದೆ. ನಿಮ್ಮ ಪ್ರಮಾಣ 55% ಆಗಿದ್ದರೆ 1,050 ರೂಪಾಯಿ ಕಟ್ಟಲು ಕಳೆದುಕೊಂಡರೂ ನಡೆಯುವಂಥ 20,000 ರೂಪಾಯಿ ನಿಮ್ಮಲ್ಲಿರಬೇಕು. 53% ಆಗಿದ್ದರೆ ಸುಮಾರು ಒಂದು ಲಕ್ಷ. 52.5% ಅಥವಾ ಕಡಿಮೆಯಾಗಿದ್ದರೆ ಸೂತ್ರದ ಉತ್ತರ ಒಂದೇ: ಕಟ್ಟಬೇಡಿ.

ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡವರನ್ನು ಕೇಳಿ ನೋಡಿ. ಕೆಲಿಯ ಹೆಸರು ಕೇಳದೆಯೂ ಅವರಿಗೆ ಇದು ಗೊತ್ತಿರುತ್ತದೆ. ದೊಡ್ಡ ಆರ್ಡರ್ ಲಾಭದ್ದೇ ಇರಬಹುದು. ಆದರೆ ಬಿಲ್ಲಿನ ಹಣ ಮೂರು ತಿಂಗಳು ತಡವಾದರೆ ಕಬ್ಬಿಣಕ್ಕೆ, ಕೂಲಿಗೆ, ಬಡ್ಡಿಗೆ ದುಡ್ಡೆಲ್ಲಿ? ಮುಂದಿನ ಆರ್ಡರ್ ಹಿಡಿಯಲು ಷೆಡ್ಡೇ ಉಳಿಯದಿದ್ದರೆ ಸರಾಸರಿ ಲಾಭದಿಂದ ಪ್ರಯೋಜನವಿಲ್ಲ.

ಈ ಮಾತುಗಳನ್ನು ಚೆನ್ ಮತ್ತು ಆಂಕೆನ್‌ಮನ್ ಹೇಳಿಲ್ಲವೆಂದರೆ ಅನ್ಯಾಯವಾದೀತು. ಪುಸ್ತಕದ ನಾಲ್ಕನೆಯ ಭಾಗ ಪೂರ್ತಿಯಾಗಿ ಅಪಾಯವನ್ನೇ ಕುರಿತದ್ದು. ದಿವಾಳಿಯ ಸಂಭವನೀಯತೆ, ತನ್ನ ಸಾಮರ್ಥ್ಯವೇ ಅನಿಶ್ಚಿತವಾಗಿದ್ದಾಗಿನ ಲೆಕ್ಕ, ಕೆಲಿಯ ಸೂತ್ರ, ಎಲ್ಲವೂ ಅಲ್ಲಿವೆ. ನನ್ನ ದೂರು ವಿನ್ಯಾಸದ ಮೇಲೆ. ಮೂರನೆಯ ಭಾಗದ ಪಟ್ಟಿ ಕಣ್ಣಿಗೆ ರಾಚುತ್ತದೆ, ಕೈಗೆ ಸುಲಭ. ನಾಲ್ಕನೆಯ ಭಾಗ ಗಣಿತದ ಗಟ್ಟಿ ಕಾಯಿ. ಪಟ್ಟಿಯ ಕೆಳಗೆ ‘ನಾಲ್ಕನೆಯ ಭಾಗ ಓದದೆ ಬಳಸಬೇಡಿ’ ಎಂಬ ಒಂದು ಸಾಲು ಇರಬೇಕಿತ್ತು. ನನ್ನ ವಿದ್ಯಾರ್ಥಿಯ ಪ್ರತಿಯಲ್ಲಿ ಪಟ್ಟಿಯ ಪುಟಗಳ ಅಂಚು ಕಪ್ಪಾಗಿತ್ತು. ನಾಲ್ಕನೆಯ ಭಾಗದ ಹಾಳೆಗಳು ಹೊಸದಾಗಿಯೇ ಇದ್ದವು.

ಕಾನೂನಿನ ಚರ್ಚೆಯೂ ಈ ಗೊಂದಲಕ್ಕೆ ತನ್ನ ಪಾಲು ಸೇರಿಸಿದೆ. ಕೌಶಲವೇ ಪ್ರಧಾನವಾದ ಆಟ ಜೂಜಲ್ಲ ಎಂಬ ವಿಚಾರ ಸರ್ವೋಚ್ಚ ನ್ಯಾಯಾಲಯದ 1957ರ ತೀರ್ಪಿನಷ್ಟು ಹಳೆಯದು. ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ನಮ್ಮ ಉಚ್ಚ ನ್ಯಾಯಾಲಯ 2022ರ ಫೆಬ್ರವರಿ 14ರಂದು ರದ್ದುಪಡಿಸಿದಾಗಲೂ ಈ ಭೇದವೇ ಆಧಾರವಾಯಿತು. ಕೌಶಲ, ಅದೃಷ್ಟ ಎಂಬ ಭೇದವೆಣಿಸದೆ ಅಂಥ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2025ರ ಆಗಸ್ಟ್ 22ರಂದು. ಯಾವುದು ಸರಿಯಾದ ಕಾನೂನು ಎಂಬುದು ನನ್ನ ವಿಷಯವಲ್ಲ. ಆದರೆ ‘ಈ ಆಟದಲ್ಲಿ ಕೌಶಲವಿದೆ’ ಎಂಬ ಮಾತು ಆಟವನ್ನು ಕುರಿತದ್ದು. ‘ನನ್ನ ಕೌಶಲ ಶುಲ್ಕವನ್ನು ಮೀರುವಷ್ಟಿದೆ’ ಎಂಬುದು ಆಟಗಾರನನ್ನು ಕುರಿತದ್ದು. ಮೊದಲನೆಯದು ನಿಜವಾದ ಮಾತ್ರಕ್ಕೆ ಎರಡನೆಯದು ನಿಜವಾಗುವುದಿಲ್ಲ.

ವಿದ್ಯಾರ್ಥಿಗೆ ಹೇಳಿದ ಉತ್ತರ ಚಿಕ್ಕದು. “ನಿನ್ನ ಲೆಕ್ಕ ಸರಿಯಾಗಿದೆಯಪ್ಪ. ಆದರೆ ಅದು ಬಿಲ್ಲೆಗಳ ಲೆಕ್ಕ. ಸಂಬಳದ ಲೆಕ್ಕ ನೀನಿನ್ನೂ ಶುರುವೇ ಮಾಡಿಲ್ಲ.” ಅವನು ಪುಸ್ತಕವನ್ನು ನನ್ನಲ್ಲೇ ಬಿಟ್ಟುಹೋದ. ಆಟಗಳ ಸಿದ್ಧಾಂತ ಕಲಿಯಬೇಕೆನ್ನುವವರಿಗೆ ಅದನ್ನು ಸಂತೋಷದಿಂದ ಕೊಡುತ್ತೇನೆ, ಒಂದು ಷರತ್ತಿನ ಮೇಲೆ: ನಾಲ್ಕನೆಯ ಭಾಗವನ್ನು ಮೊದಲು ಓದಬೇಕು.