ಬಲಗೈಯಲ್ಲಿ ಉಣ್ಣಿ ಎಂಬ ಬುದ್ಧಿಮಾತು

ಇಥಿಯೋಪಿಯಕ್ಕೆ ಹೊರಟವರಿಗೆ ಪ್ರವಾಸಿ ಕೈಪಿಡಿಗಳು ಹೇಳುವ ರೀತಿನೀತಿ ಹೆಚ್ಚುಕಡಿಮೆ ಒಂದೇ. ಬಲಗೈಯಲ್ಲಿ ಉಣ್ಣಿ, ಊಟಕ್ಕೆ ಮೊದಲು ಕೈ ತೊಳೆಯಿರಿ, ಲಾಲಿಬೆಲಾದ ಬಂಡೆ ಕೊರೆದ 11 ಚರ್ಚುಗಳಿಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಿ, ಹಿರಿಯರಿಗೆ ಮರ್ಯಾದೆ ಕೊಡಿ. ತಪ್ಪೇನೂ ಇಲ್ಲ. ಆದರೆ ಫೋರ್ಕು ಹಿಡಿದು ಬೆಳೆದವರನ್ನು ಎದುರಿಗೆ ಕೂರಿಸಿಕೊಂಡು ಬರೆದದ್ದೆಂದು ಎರಡನೆಯ ಸಾಲಿಗೇ ಗೊತ್ತಾಗುತ್ತದೆ. ನಮಗೆ ಇದನ್ನೆಲ್ಲ ಅಜ್ಜಿಯೇ ಹೇಳಿ ಮುಗಿಸಿದ್ದಾಳೆ.

ನಾವು ತಡವರಿಸುವುದು ಬೇರೆ ಕಡೆ. ಟೆಫ್ ಎಂಬ ಪುಟ್ಟ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹುಯ್ದ ಇಂಜೆರಾ ದೊಡ್ಡ ತಟ್ಟೆಯ ತುಂಬ ಹರಡಿರುತ್ತದೆ. ಅದರ ಮೇಲೆಯೇ ಗೊಜ್ಜು, ಸೊಪ್ಪು, ಬೇಳೆ. ಸುತ್ತ ಕೂತವರೆಲ್ಲ ಆ ಒಂದರಿಂದಲೇ ಹರಿದು ತಿನ್ನಬೇಕು. ಸಾಲದ್ದಕ್ಕೆ, ಊಟಕ್ಕೆ ಕರೆದವರು ತುತ್ತು ಕಟ್ಟಿ ನಿಮ್ಮ ಬಾಯಿಗೇ ಇಡುತ್ತಾರೆ. ಗುರ್ಶಾ ಎಂಬ ಈ ತುತ್ತು ಅಕ್ಕರೆಯ, ಗೌರವದ ಗುರುತು. ಎಂಜಲು ಎಣಿಸಿಯೇ ಬೆಳೆದವರು ಅಲ್ಲಿ ಮುಖ ಹಿಂದಕ್ಕೆ ಎಳೆದುಕೊಂಡರೆ ಇಟ್ಟವರಿಗೆ ಹೇಗಾಗಬೇಡ? ಕೈಪಿಡಿಗಳಿಗೆ ಇದು ಫೋಟೋ ತೆಗೆಯಲು ಚೆಂದದ ಮೋಜು, ಅಷ್ಟೇ. ಎಂಜಲಿಗೆ ಹೆದರುವ ನಾಡಿನಿಂದಲೂ ಜನ ಬಂದಾರೆಂದು ಅವು ಯೋಚಿಸಿದಂತಿಲ್ಲ.

ಸಸ್ಯಾಹಾರಿಗಳಿಗೆ ಬೇಕಾದ ಮಾತನ್ನು ಧರ್ಮದ ಅಧ್ಯಾಯದಲ್ಲಿ ಹೂತಿಡುವುದು ಇನ್ನೊಂದು ಕೊರತೆ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರಿಗೆ ಮುಂಚಿನ 55 ದಿನ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಆ ದಿನಗಳಲ್ಲಿ ಹೋಟೆಲಿಗೆ ಹೋಗಿ ‘ಯೆತ್ಸೋಮ್ ಬೆಯಾಯ್ನೆತು’ ಎಂದರೆ ಸಾಕು, ಕಡಲೆಹಿಟ್ಟಿನ ಶಿರೋ, ಮಸೂರ ಬೇಳೆ, ಸೊಪ್ಪಿನ ಪಲ್ಯ ಬರುತ್ತದೆ. ಬೆಂಗಳೂರಿನಿಂದ ಚಟ್ನಿಪುಡಿ, ಅವಲಕ್ಕಿ ಹೊತ್ತು ಹೋಗುವವರಿಗೆ ಇದಕ್ಕಿಂತ ದೊಡ್ಡ ಸಮಾಚಾರ ಉಂಟೆ!

ಗಡಿಯಾರದ ಮಾತು ಚಿಕ್ಕದು. ಅಲ್ಲಿ ಎಣಿಕೆ ಸೂರ್ಯೋದಯದಿಂದ; ನಮ್ಮ ಬೆಳಗಿನ 7 ಅವರಿಗೆ 1 ಗಂಟೆ. ಯಾರಾದರೂ ಕರೆದರೆ ಯಾವ ಲೆಕ್ಕವೆಂದು ಕೇಳಿಕೊಳ್ಳಿ.

ಕಾಫಿಗೆ ಮಾತ್ರ ಹೊತ್ತು ಬೇಕು. ಹಸಿ ಬೀಜವನ್ನು ಎದುರಿಗೇ ಹುರಿದು, ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಅಬೋಲ್, ತೋನಾ, ಬೆರೆಕಾ ಎಂದು 3 ಸುತ್ತು ಕೊಡುತ್ತಾರೆ. ಮೊದಲ ಸುತ್ತಿಗೇ ಎದ್ದು ಹೊರಡುವುದು ಮರ್ಯಾದೆಯಲ್ಲ ಎಂದು ಕೈಪಿಡಿಗಳು ಹೇಳುತ್ತವೆ. ಇದೊಂದು ಎಲ್ಲರಿಗೂ ಸಲ್ಲುವ ಮಾತು.

ಕನ್ನಡದಲ್ಲಿ ಪ್ರವಾಸ ಬರೆಯುವವರು ಇಂಗ್ಲಿಷಿನ ಪಟ್ಟಿಯನ್ನು ಕನ್ನಡಕ್ಕೆ ಇಳಿಸಿ ಕೈತೊಳೆದುಕೊಳ್ಳಬಾರದು. ಬಲಗೈಯ ಪಾಠ ಬಿಟ್ಟು, ಎಂಜಲಿನ ಮಾತಿನಿಂದ ಶುರುಮಾಡಲಿ.