ಕುಟುಂಬದ ಭಾವಚಿತ್ರದಲ್ಲಿ ಉಡುಗೆಯ ಔಚಿತ್ಯ

ಕುಟುಂಬದ ಭಾವಚಿತ್ರವನ್ನು ವಿಮರ್ಶೆಗೆ ತಕ್ಕ ವಸ್ತುವೆಂದು ಎಣಿಸುವ ರೂಢಿ ನಮ್ಮಲ್ಲಿ ಇನ್ನೂ ಚೆನ್ನಾಗಿ ಬೇರೂರಿಲ್ಲ. ಕಾವ್ಯ, ನಾಟಕ, ಶಿಲ್ಪಗಳನ್ನು ಕುರಿತು ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ಸಾಕಷ್ಟು ವಿವೇಚಿಸಿದ್ದಾರೆ. ಆದರೆ ಪಡಸಾಲೆಯ ಗೋಡೆಯ ಮೇಲೆ ದಿನವೂ ಕಣ್ಣಿಗೆ ಬೀಳುವ ಪಟವನ್ನು ನೆನಪಿನ ವಸ್ತುವೆಂದಷ್ಟೇ ನೋಡಿ ನಾವು ಮುಂದೆ ಸಾಗುತ್ತೇವೆ. ಅದರಲ್ಲಿರುವವರು ಆ ದಿನ ಏನನ್ನು ಉಟ್ಟರು, ಏಕೆ ಉಟ್ಟರು, ಆ ಆಯ್ಕೆ ಯಾರದಾಗಿತ್ತು ಎಂಬ ಪ್ರಶ್ನೆಗಳು ಏಳುವುದೇ ಅಪರೂಪ. ವಿಜಯಪುರ ಸೀಮೆಗೆ ಸೇರಿದ ಎರಡು ಮನೆತನಗಳ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಒಂದು ಆದಿಲಶಾಹಿ ಅರಮನೆಯದು. ಇನ್ನೊಂದು ಅರಕೇರಿಯ ಒಂದು ಒಕ್ಕಲು ಮನೆಯದು.

ಮೊದಲಿಗೆ ನಮ್ಮ ಅಳತೆಗೋಲು ಯಾವುದೆಂಬುದನ್ನು ಸ್ಪಷ್ಟಪಡಿಸಬೇಕು. ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ವಿಧವಾಗಿ ವಿಂಗಡಿಸಿ, ವೇಷಭೂಷಣಗಳನ್ನು ಆಹಾರ್ಯದಲ್ಲಿ ಸೇರಿಸಿದನು. ರಂಗದ ಮೇಲೆ ಈ ನಾಲ್ಕೂ ಒಂದಕ್ಕೊಂದು ನೆರವಾಗುತ್ತವೆ. ಭಾವಚಿತ್ರದಲ್ಲಿಯಾದರೋ ಮಾತಿಲ್ಲ, ಚಲನೆಯಿಲ್ಲ. ಹೊಸ ಜಾಗದಲ್ಲಿ ಬಿಗಿದು ಕುಳಿತವರ ಮುಖದಲ್ಲಿ ಸಾತ್ತ್ವಿಕ ಭಾವವೂ ಸುಲಭವಾಗಿ ತೋರದು. ಆದುದರಿಂದ ಹೇಳಬೇಕಾದುದರ ಹೆಚ್ಚಿನ ಭಾರವೆಲ್ಲ ಉಡುಗೆಯ ಮೇಲೆ ಬೀಳುತ್ತದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದು ಪ್ರತಿಪಾದಿಸಿದನು. ಅಲಂಕಾರವು ತಕ್ಕ ಸ್ಥಾನದಲ್ಲಿದ್ದಾಗ ಮಾತ್ರ ಅಲಂಕಾರವೆನಿಸುತ್ತದೆ ಎಂಬುದು ಆ ವಿಚಾರದ ಸಾರ. ಉಡುಗೆಗೂ ಇದು ಸಲ್ಲುತ್ತದೆ. ಆದರೆ ಕುಟುಂಬದ ಪಟದ ಮುಂದೆ ನಿಂತಾಗ ಇನ್ನೊಂದು ಪ್ರಶ್ನೆಯನ್ನೂ ಕೇಳದೆ ವಿಧಿಯಿಲ್ಲ: ತಕ್ಕುದು ಯಾವುದೆಂದು ಗೊತ್ತುಮಾಡುವವರು ಯಾರು? ಕಾವ್ಯದಲ್ಲಿ ಕವಿಯೊಬ್ಬನೇ ನಿರ್ಣಾಯಕ. ಕುಟುಂಬದಲ್ಲಿ ಹಾಗಲ್ಲ.

ಇನ್ನು ಅರಮನೆಯ ಚಿತ್ರವನ್ನು ನೋಡೋಣ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ‘ಬಿಜಾಪುರದ ಮನೆತನ’ ಎಂಬ ಹೆಸರಿನ ಒಂದು ಚಿತ್ರವಿದೆ. ಸುಮಾರು 1680ರಲ್ಲಿ ರಚಿತವಾದ ಇದನ್ನು ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಕಲಾವಿದರದೆಂದು ಹೇಳುತ್ತಾರೆ. ಆದಿಲಶಾಹಿ ವಂಶದ ಅರಸರು ಒಂದೇ ರತ್ನಗಂಬಳಿಯ ಮೇಲೆ ಸಭೆಗೂಡಿದ್ದಾರೆ. ನಡುವೆ ಮೂಲಪುರುಷನಾದ ಯೂಸುಫ್ ಆದಿಲ್ ಶಾಹನು ಇರಾನದ ಸಫವಿ ಅರಸನಿಂದ ಅಧಿಕಾರದ ಕುರುಹಾದ ಕೀಲಿಕೈಯನ್ನು ಪಡೆಯುತ್ತಿದ್ದಾನೆ. ಬಲಗಡೆಯ ತುದಿಯಲ್ಲಿ ಬಾಲಕನಾದ ಸಿಕಂದರನಿದ್ದಾನೆ. 1490ರಿಂದ ಸುಮಾರು ಇನ್ನೂರು ವರ್ಷಗಳ ಅವಧಿಯಲ್ಲಿ ಆಳಿದ ಇವರು ಹೀಗೆ ಕೂಡಿ ಕುಳಿತದ್ದು ಸಾಧ್ಯವೇ ಇರಲಿಲ್ಲ. ಮೊಗಲರಲ್ಲಿ ಇಂಥ ವಂಶಸಭೆಯ ಚಿತ್ರಗಳ ಪದ್ಧತಿಯಿತ್ತು. ಬಿಜಾಪುರದವರು ಆ ಮಾದರಿಯನ್ನೇ ಹಿಡಿದರು. ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿರುವ ‘ತೈಮೂರ್ ಮನೆತನದ ರಾಜಕುಮಾರರು’ ಎಂಬ ಹದಿನಾರನೆಯ ಶತಮಾನದ ದೊಡ್ಡ ಚಿತ್ರದಲ್ಲಿ ಮುಂದಿನ ತಲೆಮಾರಿನವರ ಆಕೃತಿಗಳನ್ನು ಆಮೇಲೆ ಸೇರಿಸಿದ್ದೂ ಉಂಟು. ತೀರಿಹೋದ ಹಿರಿಯರನ್ನು ಇಂದಿನ ಪಟದಲ್ಲಿ ಗಣಕಯಂತ್ರದಿಂದ ಕೂಡಿಸುವ ನಮ್ಮ ಮನೆಗಳ ಆಸೆ ಹೊಸದೇನೂ ಅಲ್ಲವೆಂಬುದಕ್ಕೆ ಇದು ಸಾಕ್ಷಿ.

ಎದುರಿಗೆ ಕುಳಿತವರಿಲ್ಲದಿರುವಾಗ ಅವರವರ ಉಡುಗೆಯನ್ನು ಆರಿಸುವ ಹೊಣೆ ಕಲಾವಿದನದು, ಅಥವಾ ಅವನಿಗೆ ಆಜ್ಞಾಪಿಸಿದವರದು. ಈ ವಂಶದ ಮಟ್ಟಿಗೆ ಅದು ಹಗುರಾದ ಹೊಣೆಯಾಗಿರಲಿಲ್ಲ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿದ್ದು ಇತಿಹಾಸ ಬರೆದ ಫಿರಿಷ್ತಾ ಒಂದು ಸಂಗತಿಯನ್ನು ತಿಳಿಸುತ್ತಾನೆ. ಯೂಸುಫನ ಮಗನಾದ ಇಸ್ಮಾಯಿಲನು ತನ್ನ ಸೈನಿಕರೆಲ್ಲ ಸಫವಿಗಳ ರೀತಿಯಲ್ಲಿ ಹನ್ನೆರಡು ಮೊನೆಗಳ ಕೆಂಪು ಟೊಪ್ಪಿಗೆಯನ್ನು ಧರಿಸಬೇಕೆಂದು ಆಜ್ಞೆ ಮಾಡಿದನು. 1534ರಲ್ಲಿ ಪಟ್ಟವೇರಿದ ಒಂದನೆಯ ಇಬ್ರಾಹಿಮನು ಅದನ್ನು ನಿಷೇಧಿಸಿದನು. ತಂದೆ ತೊಡಿಸಿದ ಟೊಪ್ಪಿಗೆಯನ್ನು ಮಗ ಕಳಚಿಸಿದನೆಂದಾಯಿತು. ಅದು ಧರ್ಮದ ಪ್ರಶ್ನೆ, ಅಂತೆಯೇ ಆಸ್ಥಾನದಲ್ಲಿ ಪರದೇಶಿಗಳಿಗೂ ದಖನಿಗಳಿಗೂ ಇದ್ದ ಪೈಪೋಟಿಯ ಪ್ರಶ್ನೆ. ಇಂಥ ತಂದೆಮಕ್ಕಳನ್ನು ಒಂದೇ ಜಮಖಾನೆಯ ಮೇಲೆ ಸಮಾಧಾನದಿಂದ ಕೂಡಿಸಿದ ಚಿತ್ರವು ಅವರ ಜಗಳವನ್ನು ಹೇಳುವುದಿಲ್ಲ. ಸಫವಿ ಅರಸನನ್ನು ಮಾತ್ರ ನಾವು ಅವನ ತಲೆಯುಡುಗೆಯಿಂದಲೇ ಗುರುತಿಸುತ್ತೇವೆ. ಆತನು ಹೊರಗಿನವನೆಂದು ತಿಳಿದರೆ ತಾನೇ ಆತನ ಕೈಯ ಕೀಲಿಕೈಗೆ ಬೆಲೆ!

ಇದರಲ್ಲಿ ಕಾಣದವರ ಮಾತೂ ಇದೆ. ಒಂದನೆಯ ಅಲಿಯ ರಾಣಿಯಾದ ಚಾಂದ್ ಬೀಬಿಯು 1580ರಲ್ಲಿ ವಿಧವೆಯಾದ ಮೇಲೆ ಬಾಲಕನಾಗಿದ್ದ ಎರಡನೆಯ ಇಬ್ರಾಹಿಮನ ಪರವಾಗಿ ರಾಜ್ಯಭಾರದ ಹೊಣೆ ಹೊತ್ತವಳು. ಚಿತ್ರದಲ್ಲಿ ಆಕೆ ಇಲ್ಲ. ಯಾವ ರಾಣಿಯೂ ಇಲ್ಲ. ಸಿಂಹಾಸನವೇರಿದವರ ಸಭೆಯಲ್ಲಿ ಅವರಿಗೆ ಸ್ಥಾನವಿಲ್ಲವೆಂಬುದು ಅಂದಿನ ಔಚಿತ್ಯ. ಚಿತ್ರ ಮುಗಿದ ಕೆಲವೇ ವರ್ಷಗಳಲ್ಲಿ, 1686ರಲ್ಲಿ, ಔರಂಗಜೇಬನು ಬಿಜಾಪುರವನ್ನು ಗೆದ್ದನು. ತುದಿಯಲ್ಲಿದ್ದ ಬಾಲಕನೇ ವಂಶದ ಕೊನೆಯ ಅರಸನಾದನು. ರಾಜ್ಯ ಕುಗ್ಗುತ್ತಿದ್ದ ಕಾಲದಲ್ಲಿಯೇ ಮನೆತನವು ತನ್ನ ಹಿರಿಯರನ್ನೆಲ್ಲ ಸಿಂಗರಿಸಿ ಕೂಡಿಸಿತೆಂಬುದನ್ನು ನಾವು ಮರೆಯಬಾರದು.

ಅರಮನೆಯಿಂದ ಒಕ್ಕಲು ಮನೆಗೆ ಬರೋಣ. ಅಮೋಘಸಿದ್ಧನ ಕ್ಷೇತ್ರವೆಂದು ಹೆಸರಾದ ಅರಕೇರಿಯಲ್ಲಿ ನಾವು ಕಂಡ ಒಂದು ಮನೆಯ ಪಡಸಾಲೆಯಲ್ಲಿ ಎರಡು ಪಟಗಳು ಅಕ್ಕಪಕ್ಕದಲ್ಲಿ ತೂಗುತ್ತಿವೆ. ಮೊದಲನೆಯದು ಅರವತ್ತು ವರ್ಷ ಹಿಂದಿನದೆಂದು ಮನೆಯವರು ಹೇಳುತ್ತಾರೆ. ಶಹರದ ಸ್ಟುಡಿಯೋ ಒಂದರಲ್ಲಿ ಬಣ್ಣ ಬಳಿದ ಪರದೆಯ ಮುಂದೆ ತೆಗೆದದ್ದು, ಕಪ್ಪುಬಿಳುಪಿನದು. ಯಜಮಾನರು ಧೋತರ, ರುಮಾಲುಗಳನ್ನು ಧರಿಸಿ ಹೆಗಲ ಮೇಲೆ ಮಡಿಸಿದ ಕಂಬಳಿ ಹಾಕಿದ್ದಾರೆ. ಹಾಲುಮತದ ಭಕ್ತರಿಗೆ ಕಂಬಳಿಯು ಹೊದೆಯುವ ವಸ್ತುವಷ್ಟೇ ಅಲ್ಲ, ಪೂಜ್ಯವಸ್ತುವೂ ಹೌದು. ಹಿರಿಯ ಮಗನು ಕೋಟು ತೊಟ್ಟಿದ್ದಾನೆ; ತೋಳು ಬೆರಳಿನವರೆಗೆ ಇಳಿದಿದೆ. ಅಂದಿನ ಸ್ಟುಡಿಯೋಗಳಲ್ಲಿ ಗಿರಾಕಿಗಳಿಗಾಗಿ ಕೋಟು, ಟೈಗಳನ್ನು ಗೂಟಕ್ಕೆ ತೂಗಹಾಕಿರುತ್ತಿದ್ದರು. ಇದನ್ನು ಸುಳ್ಳು ವೇಷವೆಂದು ಹಳಿಯಲು ನಮಗೆ ಮನಸ್ಸಿಲ್ಲ. ತಂದೆಯ ಕಂಬಳಿ ತಾನಾಗಿದ್ದುದನ್ನು ಹೇಳಿದರೆ, ಮಗನ ಕೋಟು ತಾನಾಗಬಯಸಿದ್ದನ್ನು ಹೇಳುತ್ತದೆ.

ಹೆಂಗಸರೆಲ್ಲ ಇಳಕಲ್ಲ ಸೀರೆಯುಟ್ಟು, ಖಣದ ಕುಪ್ಪಸ ತೊಟ್ಟು, ತಲೆಯ ಮೇಲೆ ಸೆರಗು ಹೊದ್ದಿದ್ದಾರೆ. ಇಳಕಲ್ಲೂ, ಖಣಕ್ಕೆ ಹೆಸರಾದ ಗುಳೇದಗುಡ್ಡವೂ 1997ರವರೆಗೆ ಅಖಂಡ ಬಿಜಾಪುರ ಜಿಲ್ಲೆಯಲ್ಲಿಯೇ ಇದ್ದ ಊರುಗಳು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿವೆ. ಇಳಕಲ್ಲ ಸೀರೆಯಲ್ಲಿ ಮೈಯ ಹಾಸೆಳೆಯೇ ಬೇರೆ, ಸೆರಗಿನ ಹಾಸೆಳೆಯೇ ಬೇರೆ. ಒಂದರ ಕುಣಿಕೆಯಲ್ಲಿ ಇನ್ನೊಂದನ್ನು ಸಿಕ್ಕಿಸಿ ನೇಯುವ ಈ ಜೋಡಣೆಗೆ ಕೊಂಡಿ ಎನ್ನುತ್ತಾರೆ. ಕೆಂಪು ಬಿಳುಪಿನ ಸೆರಗಿಗೆ ಟೋಪ್ ತೆನಿ ಎಂದು ಹೆಸರು. ಪಟದಲ್ಲಿ ಈ ಕೆಂಪು ಕಪ್ಪಾಗಿ ಮೂಡಿದೆ, ಹಣೆಯ ಕುಂಕುಮವೂ ಕಪ್ಪಾಗಿದೆ. ಹಳೆಯ ಬಗೆಯ ಛಾಯಾಫಲಕಗಳು ನೀಲಿ ಹಸಿರುಗಳನ್ನು ಗ್ರಹಿಸುತ್ತಿದ್ದವೇ ಹೊರತು ಕೆಂಪನ್ನು ಗ್ರಹಿಸುತ್ತಿರಲಿಲ್ಲ. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮಾರುಕಟ್ಟೆಗೆ ಬಂದರೂ, ಹಳೆಯ ಬಗೆಯವು ಬಹುಕಾಲ ಬಳಕೆಯಲ್ಲಿ ಉಳಿದವು. ಹೀಗೆ ಉಡುವವರು ಆರಿಸಿದ ಬಣ್ಣವೇ ಒಂದು, ಯಂತ್ರವು ಉಳಿಸಿದ ಬಣ್ಣವೇ ಇನ್ನೊಂದು ಆಗುವುದುಂಟು. ಹಳೆಯ ಪಟಗಳನ್ನು ನೋಡಿ ಅಂದಿನವರು ಮಂಕು ಬಣ್ಣಗಳನ್ನು ಮೆಚ್ಚುತ್ತಿದ್ದರೆಂದು ತೀರ್ಮಾನಿಸುವ ವಿದ್ಯಾರ್ಥಿಯು ಎಚ್ಚರದಿಂದಿರಬೇಕು.

ಈ ಪಟದಲ್ಲಿಯೂ ಕಾಣದವರೊಬ್ಬರಿದ್ದಾರೆ. ಯಜಮಾನರ ಅಕ್ಕ ಚಿಕ್ಕಂದಿನಲ್ಲಿಯೇ ವಿಧವೆಯಾಗಿ ತವರಿಗೆ ಮರಳಿದವರು. ಪಟದಲ್ಲಿರುವ ಮಕ್ಕಳನ್ನೆಲ್ಲ ಎತ್ತಿ ಆಡಿಸಿದವರು. ಆ ದಿನ ಅವರು ಮನೆ ಕಾಯಲು ಹಿಂದೆ ಉಳಿದರಂತೆ. ಅವರ ಬೇರೊಂದು ಪಟ ಮನೆಯಲ್ಲಿಲ್ಲ. ಉಡಲು ಸೀರೆಯಿರಲಿಲ್ಲವೆಂದಲ್ಲ, ಅಂಥ ದಿನಕ್ಕೆ ಒಪ್ಪುವ ಸೀರೆ ಎಂಬುದು ಅವರ ಪಾಲಿಗೆ ಇರಲಿಲ್ಲ. ಚಾಂದ್ ಬೀಬಿಯನ್ನು ಹೊರಗಿಟ್ಟ ಔಚಿತ್ಯವೇ ಇಲ್ಲಿಯೂ ಕೆಲಸ ಮಾಡಿದೆ. ಔಚಿತ್ಯವನ್ನು ಕೊಂಡಾಡುವ ನಾವು ಅದರ ಈ ಮುಖವನ್ನು ಮುಚ್ಚಿಡಲಾಗದು.

ಎರಡನೆಯ ಪಟ ಇತ್ತೀಚೆಗೆ ಒಂದು ಮದುವೆಯ ನಿಮಿತ್ತ ತೆಗೆಸಿದ್ದು. ಎಲ್ಲರೂ ಕೆನೆ ಬಣ್ಣದಲ್ಲಿದ್ದಾರೆ: ಗಂಡಸರಿಗೆ ಒಂದೇ ತಾನಿನ ಜುಬ್ಬ, ಹೆಂಗಸರಿಗೆ ಹೊಂಬಣ್ಣದ ಅಂಚಿನ ಒಂದೇ ಬಗೆಯ ಸೀರೆ. ಎಡತುದಿಯಲ್ಲಿ ಮಾತ್ರ ಒಬ್ಬ ವೃದ್ಧೆ ಕಡುನೀಲಿ ಇಳಕಲ್ಲ ಸೀರೆಯುಟ್ಟು ಕೆಂಪು ಸೆರಗು ಹೊದ್ದು ಕುಳಿತಿದ್ದಾರೆ. ಮೊದಲನೆಯ ಪಟದಲ್ಲಿ ಕಿರಿಯ ಸೊಸೆಯಾಗಿ ಹಿಂದೆ ನಿಂತಿದ್ದವರೇ ಇವರು. ಈಗ ಪತಿಯಿಲ್ಲ. ಇವರಿಗೂ ಕೆನೆ ಬಣ್ಣದ ಸೀರೆ ತಂದಿದ್ದರು, ಆದರೆ ಉಡಲೊಲ್ಲೆನೆಂದರು. ಕಾರಣ ಕೇಳಿದಾಗ ನಮಗೆ ಅವರು ಹೇಳಿದ್ದಿಷ್ಟು: “ಅದನ್ನ ಉಟ್ಟಿದ್ರ ಪಟದಾಗ ನಾ ಯಾರಂತ ನಮ್ಮ ಮಂದಿಗೆ ಗುರ್ತಾ ಹತ್ತತಿರಲಿಲ್ಲರಿ.” ಬಣ್ಣ ಹೊಂದುವುದಿಲ್ಲವೆಂದು ಛಾಯಾಗ್ರಾಹಕನು ಅವರನ್ನು ತುದಿಗೆ ಕೂಡಿಸಿದನು.

ಸಮವಸ್ತ್ರದ ಪಕ್ಷದಲ್ಲಿ ಹೇಳಬಹುದಾದ ಮಾತುಗಳು ಇಲ್ಲದಿಲ್ಲ. ಬಟ್ಟೆಗಳು ಒಂದೇ ಬಣ್ಣದವಾದರೆ ನೋಟವು ಮುಖಗಳ ಮೇಲೆ ನೆಲೆಸುತ್ತದೆಂದು ಛಾಯಾಗ್ರಾಹಕರು ಹೇಳುವುದು ನಿಜ. ಸಣ್ಣ ಗೆರೆ, ಸಣ್ಣ ಚೌಕಳಿಗಳಿರುವ ಬಟ್ಟೆ ಇಂದಿನ ಕ್ಯಾಮೆರಾಗಳಲ್ಲಿ ಒಮ್ಮೊಮ್ಮೆ ಬಟ್ಟೆಯಲ್ಲಿಲ್ಲದ ಅಲೆಗಳನ್ನು ಮೂಡಿಸುವುದೂ ನಿಜ. ಇವೆರಡಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿದೆ. ಕೂಡುಕುಟುಂಬದ ಹಳೆಯ ಪಟದಲ್ಲಿ ಯಾವ ಸೊಸೆಯ ತವರು ಸಿರಿವಂತರದು, ಯಾವಳದು ಬಡವರದು ಎಂಬುದನ್ನು ಜರಿಯ ಅಂಚೇ ಸಾರಿಬಿಡುತ್ತಿತ್ತು. ಎಲ್ಲರಿಗೂ ಒಂದೇ ಸೀರೆಯಾದರೆ ಆ ನೋವು ತಪ್ಪುತ್ತದೆ. ಈ ವಾದವನ್ನು ನಾವು ಗೌರವಿಸುತ್ತೇವೆ.

ಆದರೆ ನೋವನ್ನು ತಪ್ಪಿಸಲು ಹೊರಟ ಸಮತೆಯು ವ್ಯಕ್ತಿಯನ್ನೇ ಅಳಿಸಿದರೆ ಅದು ಇನ್ನೊಂದು ಬಗೆಯ ಅನ್ಯಾಯ. ಹಳೆಯ ಔಚಿತ್ಯವನ್ನು ಮನೆಯ ಹಿರಿಯರೂ ರೂಢಿಯೂ ಗೊತ್ತುಮಾಡುತ್ತಿದ್ದವು. ಈಗ ಅದನ್ನು ಅಂಗಡಿಯೂ ಛಾಯಾಗ್ರಾಹಕನೂ ಗೊತ್ತುಮಾಡುತ್ತಾರೆ. ಎರಡು ಕಡೆಯೂ ಉಡುವವರನ್ನು ಕೇಳಿದವರಿಲ್ಲ. ರೂಢಿಯು ಅತ್ತೆಯನ್ನು ಪಟದಿಂದಲೇ ಹೊರಗಿಟ್ಟಿತು, ಬಣ್ಣದ ಹೊಂದಾಣಿಕೆಯು ಸೊಸೆಯನ್ನು ತುದಿಗೆ ಸರಿಸಿತು. ಆದರೂ ವಿಧವೆಯಾದ ಈ ಹೆಣ್ಣುಮಗಳು ತಾನೇ ಆರಿಸಿದ ಸೀರೆಯುಟ್ಟು, ಮೊಮ್ಮಗಳ ಮದುವೆಯ ಪಟದಲ್ಲಿ ಎಲ್ಲರ ಎದುರಿಗೆ ಕುಳಿತಿದ್ದಾರೆ. ಅರವತ್ತು ವರ್ಷಗಳಲ್ಲಿ ಆ ಮನೆಯಲ್ಲಿ ಆದ ನಿಜವಾದ ಬದಲಾವಣೆ ಇದು. ಎರಡೂ ಪಟಗಳನ್ನು ಕೂಡಿಸಿ ಓದಬಲ್ಲವರಿಗೆ ಅದನ್ನು ತಿಳಿಸುವುದು ಕಪ್ಪಾಗಿ ಮೂಡಿದ ಆ ಸೆರಗು, ಮತ್ತು ಕೆಂಪಾಗಿಯೇ ಉಳಿದ ಈ ಸೆರಗು.

ಆದುದರಿಂದ ಕುಟುಂಬದ ಭಾವಚಿತ್ರದಲ್ಲಿ ಉಡುಗೆಯ ಔಚಿತ್ಯವೆಂದರೆ ಬಣ್ಣಬಣ್ಣಗಳ ಹೊಂದಾಣಿಕೆಯಲ್ಲ, ಉಡುಗೆಗೂ ಉಟ್ಟವರಿಗೂ ಇರುವ ಹೊಂದಾಣಿಕೆ ಎಂಬುದು ನಮ್ಮ ಅಭಿಪ್ರಾಯ. ಅದನ್ನು ನಿರ್ಣಯಿಸುವ ಮೊದಲ ಹಕ್ಕು ಉಡುವವರದು. ಅರಸುಮನೆತನದ ಚಿತ್ರದಲ್ಲಿ ಆ ಹಕ್ಕು ಯಾರಿಗೂ ಇರಲಿಲ್ಲ. ತೀರಿಹೋದವರು ಏನನ್ನು ತಾನೇ ಕೇಳಿಯಾರು? ಜೀವಂತವಾಗಿರುವವರನ್ನು ಕೇಳದಿರಲು ನಮಗೆ ಅಂಥ ಕಾರಣವಿಲ್ಲ.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ಸೂಚನೆ. ರಜೆಗೆ ಊರಿಗೆ ಹೋದಾಗ ಗೋಡೆಯ ಪಟವನ್ನು ಕೆಳಗಿಳಿಸಿ, ಹಿರಿಯರ ಬಳಿ ಕುಳಿತು ಕೇಳಬೇಕು: ಯಾರು ಏನನ್ನು ಉಟ್ಟಿದ್ದರು, ಬಣ್ಣ ಯಾವುದಿತ್ತು, ಯಾರಿಂದ ಕಡ ತಂದಿದ್ದರು, ಯಾರು ಹೇಳಿ ಉಡಿಸಿದರು. ಉತ್ತರಗಳನ್ನು ಪಟದ ಹಿಂಬದಿಯಲ್ಲಿ ಬರೆದಿಡಬೇಕು. ಆ ದಿನ ಮನೆ ಕಾಯಲು ಹಿಂದೆ ಉಳಿದವರಿದ್ದರೆ ಅವರ ಹೆಸರನ್ನೂ ಅಲ್ಲಿಯೇ ಬರೆಯಬೇಕು.